ಚಿಂದಿಗೆ ಬಚ್ಚಿಟ್ಟ ಊಟ

ಮಾರ್ಚ್ 3, ಸೋಮವಾರ

ಅಕ್ಕನ ಮನೆಗೆ ಬಂದು ಐದು ದಿನವಾಯಿತು. ಕೆಳಗೆ ಅವಳ ಹೊಲಿಗೆಯಂಗಡಿ, ಮೇಲೆ ಎರಡು ಕೋಣೆ, ನಡುವೆ ಹದಿನಾಲ್ಕು ಮೆಟ್ಟಿಲು. ಪುನರ್ವಸತಿ ಕೇಂದ್ರದವರು ಏಳು ವಾರ ಎಂದಿದ್ದಾರೆ. ಪಾರ್ಶ್ವವಾಯು ಹೊಡೆದ ಬಲಗೈ, ಬಲಗಾಲು ಒಂದಿಷ್ಟಾದರೂ ಹೇಳಿದ ಮಾತು ಕೇಳಬೇಕು, ಬಾಯಿಗೆ ಮಾತು ಬರಬೇಕು. ಅಲ್ಲಿಯವರೆಗೆ ಅವಳು ಅಲ್ಲಿ, ನಾನು ಇಲ್ಲಿ, ಅವಳ ನಾಯಿಯನ್ನು ನೋಡಿಕೊಂಡು.

ನನಗೂ ನಾಯಿಗಳಿಗೂ ಅಷ್ಟಕ್ಕಷ್ಟೇ. ಇದರ ಹೆಸರು ಚಿಂದಿ. ಹದಿಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ತುಂಡು ಬಟ್ಟೆಯ ಬುಟ್ಟಿಯಲ್ಲಿ ಮಲಗಿತ್ತಂತೆ, ಯಾವ ಸಂದಿಯಿಂದ ನುಗ್ಗಿತೋ ಏನೋ. ಅಕ್ಕ ಅದನ್ನು ಎತ್ತಿ ಆಚೆ ಬಿಡಲಿಲ್ಲ, ಬುಟ್ಟಿಯನ್ನೇ ಬದಲಾಯಿಸಿಕೊಂಡಳು. ಈಗ ಅದರ ಮೂತಿ ಬೆಳ್ಳಗಾಗಿದೆ. ಗಂಟೆಗಟ್ಟಲೆ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ನಿಲ್ಲುತ್ತದೆ, ಯಾರೋ ಶಿಕ್ಷೆ ಕೊಟ್ಟ ಹಾಗೆ. ಬಾಗಿಲು ತೆರೆದರೆ ತೆರೆದ ಕಡೆ ಬಿಟ್ಟು ತಿರುಗಣಿಯ ಕಡೆ ನಿಂತು ಕಾಯುತ್ತದೆ. ಊಟದ ಬಟ್ಟಲಿನ ಮುಂದೆ ನಿಂತು ಇದೇನು ಎನ್ನುವಂತೆ ನೋಡುತ್ತದೆ. ವಾಸನೆ ಬೇರೆ. ಮಲಗುವ ಕೌದಿ ಎಷ್ಟು ವರ್ಷದಿಂದ ನೀರು ಕಂಡಿಲ್ಲವೋ.

ಎಂಟನೇ ತರಗತಿಯ ವಿಜ್ಞಾನದ ಕರಡು ತಿದ್ದಲು ತಂದಿದ್ದೇನೆ. ಮೂರು ಕವನ ಸಂಕಲನ ತಂದಿದ್ದೇನೆ. ಏಳು ವಾರ ಕಳೆಯಲು ಸಾಕು.

ಮಾರ್ಚ್ 6, ಗುರುವಾರ

ಭೇಟಿಗೆ ಬಿಡುವುದು ಗುರುವಾರ ಮತ್ತು ಭಾನುವಾರ, ಒಂದೊಂದು ಗಂಟೆ. ಇವತ್ತು ಇಪ್ಪತ್ತೇ ನಿಮಿಷಕ್ಕೆ ಎದ್ದು ಬಂದೆ.

ಅಕ್ಕನಿಗೆ ಎಲ್ಲವೂ ತಿಳಿಯುತ್ತದೆ. ಹೇಳಬೇಕಾದದ್ದೂ ಗೊತ್ತಿದೆ, ಮಾತು ಮಾತ್ರ ನಾಲಿಗೆಗೆ ಬರುವುದಿಲ್ಲ. "ಅದು... ಅದು..." ಅನ್ನುತ್ತಾಳೆ. ನಾನು ನೀರಾ, ದಿಂಬಾ, ಕಿಟಕೀನಾ, ನರ್ಸನ್ನ ಕರೀಲಾ ಎಂದು ಒಂದರ ಮೇಲೊಂದು ಕೊಡುತ್ತ ಹೋದೆ. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಎಡಗೈಯ ಎರಡು ಬೆರಳಿನಿಂದ ಹೊದಿಕೆಯ ಅಂಚನ್ನು ಕತ್ತರಿಸುವಂತೆ ಮಾಡಿ, ಮಂಚದ ಪಕ್ಕ ನೆಲದ ಹತ್ತಿರ ಕೈ ಇಳಿಸಿ ಗಾಳಿಯನ್ನು ಸವರಿದಳು. ನಾಯಿಯನ್ನು ಕೇಳುತ್ತಿದ್ದಾಳೆ.

"ದಿನಾ ಬಾಗಿಲಲ್ಲೇ ಕೂತಿರತ್ತೆ ಅಕ್ಕ, ನಿನ್ನ ದಾರೀನೇ ಕಾಯ್ತಾ," ಎಂದುಬಿಟ್ಟೆ.

ಮುಖದ ಅರ್ಧ ಭಾಗ ನಕ್ಕಿತು. ಕಣ್ಣು ತುಂಬಿ ಬಂತು. ಮತ್ತೆ ಎಷ್ಟು ಹೊತ್ತು ಅಲ್ಲಿ ಕೂರಲಿ?

ನಾನು ಚಿಕ್ಕವಳಿದ್ದಾಗ ಅವಳು ನನ್ನನ್ನು ಸುಳ್ಳಿ ಎಂದೇ ಕರೆಯುತ್ತಿದ್ದಳು. ಹಾಲನ್ನು ಗಿಡಕ್ಕೆ ಸುರಿದು ಕುಡಿದೆ ಅನ್ನುತ್ತಿದ್ದೆ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಹಾಲು ಕುಡಿಸುವುದು, ಸುಳ್ಳು ಹಿಡಿಯುವುದು, ಎಲ್ಲ ಅವಳ ಪಾಲಿಗೆ ಬಂತು.

ನಿಜವೇನೆಂದರೆ, ಇವತ್ತು ಬೆಳಿಗ್ಗೆ ಅಕ್ಕನ ಕೋಟು ತೆಗೆದು ನಾಯಿಯ ಮುಂದೆ ಹಿಡಿದೆ. ಸುಮ್ಮನೆ ದಾಟಿಕೊಂಡು ಹೋಗಿ ಗೋಡೆ ನೋಡಿತು. ಏಳು ವಾರ ಕಳೆದು ಅವಳು ಆ ಬಾಗಿಲಲ್ಲಿ ಬಂದು ನಿಂತಾಗ ಇದು ಹೀಗೇ ನೋಡಿದರೆ? ಮಾತು ಕಳೆದುಕೊಂಡವಳಿಗೆ, ಕೈ ಕಳೆದುಕೊಂಡವಳಿಗೆ, ಇದೂ ಹೋಯಿತು ಎಂದು ಹೇಗೆ ಹೇಳಲಿ?

ಮಾರ್ಚ್ 7, ಶುಕ್ರವಾರ

ನಾಯಿ ಡಾಕ್ಟರು ಬಂದಿದ್ದರು. ಚಿಕ್ಕ ವಯಸ್ಸಿನ ಹೆಂಗಸು. ಬಂದವರೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಾಯಿಯ ಕಿವಿಯೊಳಗೆ ಇಣುಕಿದರು. ಮನುಷ್ಯರಿಗೆ ಮುಪ್ಪಿನಲ್ಲಿ ಬರುವ ಮರೆವಿನಂಥದ್ದೇ ಇದು, ಹೋದದ್ದನ್ನು ತರಲಾಗದು, ಇರುವುದನ್ನು ಒಂದಷ್ಟು ಕಾಲ ಹಿಡಿದಿಡಬಹುದು ಎಂದರು. ಊಟದ ಪಟ್ಟಿ ಬರೆದುಕೊಟ್ಟರು: ದಿನಕ್ಕೊಂದು ಬೇಯಿಸಿದ ಮೊಟ್ಟೆ, ಬೇಯಿಸಿದ ಮೀನು, ಕ್ಯಾರೆಟ್, ಕುಂಬಳ, ಸ್ವಲ್ಪ ಸೊಪ್ಪು, ಅಳತೆಯ ಮೀನೆಣ್ಣೆ. ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಅಲ್ಲ, ಮೂರು ಸಲ ಸ್ವಲ್ಪ ಸ್ವಲ್ಪ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಹತ್ತಿರ ಸುಳಿಯಬಾರದು.

ಈವರೆಗೆ ಏನು ತಿನ್ನುತ್ತಿತ್ತು ಎಂದು ಕೇಳಿದರು. ನಾನು ಇಸ್ತ್ರಿಯಣ್ಣನ ಮುಖ ನೋಡಿದೆ. ಅವನು ಇಸ್ತ್ರಿ ಪೆಟ್ಟಿಗೆಯ ಮುಖ ನೋಡಿದ. ಇಪ್ಪತ್ತು ವರ್ಷದಿಂದ ಈ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿರುವ ಮನುಷ್ಯ, ಅರವತ್ತರ ಹತ್ತಿರ ಬಂದಿದ್ದಾನೆ. ಅಕ್ಕನನ್ನು ಅಕ್ಕ ಅನ್ನುತ್ತಾನೆ, ನನ್ನನ್ನು ಚಿಕ್ಕಕ್ಕ.

"ಬಿಸ್ಕತ್ತು," ಎಂದ. "ಟೀಯಲ್ಲಿ ಅದ್ದಿ. ಅದಕ್ಕೆ ಹಲ್ಲು ನೋಯ್ತದೆ ಅಂತ."

"ದಿನಕ್ಕೆ ಎಷ್ಟು?"

"ನಾಲ್ಕು." ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, "ಭಾನುವಾರ ಆರು."

ಡಾಕ್ಟರು ಪಟ್ಟಿಯ ಕೊನೆಗೆ ಬಿಸ್ಕತ್ತು ಎಂದು ಬರೆದು ದಪ್ಪಗೆ ಹೊಡೆದು ಹಾಕಿದರು.

ಹೊರಡುವಾಗ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದೆ: ನಮ್ಮಕ್ಕ ಬರುವ ಹೊತ್ತಿಗೆ ಇದಕ್ಕೆ ಅವಳ ಗುರುತು ಸಿಗುತ್ತದಾ? ಅವರು ಚೀಲ ಕೆಳಗಿಟ್ಟರು. "ಮಾತು ಕೊಡೋಕಾಗಲ್ಲ ಮೇಡಂ. ಕಣ್ಣು ಮಂಜಾಗತ್ತೆ, ಕಿವಿ ಮಂದ ಆಗತ್ತೆ, ಮೂಗು ಮಾತ್ರ ಕೊನೇವರೆಗೂ ದುಡಿಯತ್ತೆ. ಅದಕ್ಕೆ ಕೆಲಸ ಕೊಡಿ. ಊಟ ಬಟ್ಟಲಿಗೆ ಹಾಕಿ ಕೊಡಬೇಡಿ, ಬಚ್ಚಿಡಿ. ಹುಡುಕಿ ತಿನ್ನಲಿ. ತಿನ್ನೋದು ಹೊಟ್ಟೆಗೆ, ಹುಡುಕೋದು ತಲೆಗೆ."

ಮಾರ್ಚ್ 10, ಸೋಮವಾರ

ಮೀನೆಣ್ಣೆಯನ್ನು ನಿನ್ನೆ ಎರಡರಷ್ಟು ಹಾಕಿದೆ. ಏಳು ವಾರದಲ್ಲಿ ಒಂದು ಹೋಗಿಯೇ ಬಿಟ್ಟಿದೆ, ಬೇಗ ಗುಣ ಕಾಣಲಿ ಎಂದು. ಸ್ನಾತಕೋತ್ತರ ಪದವಿ ಪಡೆದವಳ ಲೆಕ್ಕ.

ಹದಿನಾಲ್ಕು ಮೆಟ್ಟಿಲನ್ನೂ ತೊಳೆದೆ. ಹೊಟ್ಟೆ ಕೆಟ್ಟ ನಾಯಿ ಒಂದನ್ನೂ ಬಿಟ್ಟಿರಲಿಲ್ಲ.

ಡಾಕ್ಟರು ಫೋನಿನಲ್ಲಿ ನಗು ತಡೆದುಕೊಂಡದ್ದು ಕೇಳಿಸಿತು.

ಮಾರ್ಚ್ 12, ಬುಧವಾರ

ಅಂಗಿ ಇಡುವ ರಟ್ಟಿನ ಪೆಟ್ಟಿಗೆಯೊಂದರಲ್ಲಿ ತುಂಡು ಬಟ್ಟೆಗಳನ್ನು ತುಂಬಿದೆ. ಅಕ್ಕನ ಬುಟ್ಟಿಯವೇ: ಕೋಟಿನ ಒಳಬಟ್ಟೆ, ಉಣ್ಣೆಯ ಚೂರು, ಹೂವಿನ ಚಿತ್ತಾರದ ಹತ್ತಿ ಬಟ್ಟೆ. ನಡುನಡುವೆ ಮೊಟ್ಟೆಯ ತುಣುಕು, ಮೀನು. ನಾಯಿ ಬಂದು ಪೆಟ್ಟಿಗೆಯ ಪಕ್ಕದ ನೆಲವನ್ನು ಮೂಸಿತು. ನಾನು ಅದರ ಮೂತಿ ಹಿಡಿದು ಪೆಟ್ಟಿಗೆಯೊಳಗೆ ತಿರುಗಿಸಿದೆ. ತುಂಡು ಎತ್ತಿ ತೋರಿಸಿದೆ. ಕೊನೆಗೆ ಮೊಟ್ಟೆಯನ್ನು ಬಾಯಿಗೇ ಇಟ್ಟೆ.

ಇಸ್ತ್ರಿಯಣ್ಣ ಕಾಲರಿಗೆ ನೀರು ಚಿಮುಕಿಸುತ್ತ ಎಲ್ಲ ನೋಡಿದ. "ಚಿಕ್ಕಕ್ಕಾ, ಪರೀಕ್ಷೆಗೆ ಕೂತವನಿಗೆ ಉತ್ತರಾನೂ ನೀವೇ ಬರೆದು ಕೊಡ್ತಾ ಇದೀರಲ್ಲ," ಎಂದ.

ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ. ಮನಸ್ಸಿನಲ್ಲೇ ಎಣಿಸಿದೆ. ನೂರಕ್ಕೆ ಬಂದಾಗ ಅದು ಗೋಡೆಯ ಕಡೆ ಹೊರಟಿತ್ತು. ನೂರ ನಲವತ್ತಕ್ಕೆ ನಿಂತಿತು. ನೂರ ತೊಂಬತ್ತಕ್ಕೆ ತಿರುಗಿತು. ಇನ್ನೂರ ಹನ್ನೊಂದಕ್ಕೆ ಪೆಟ್ಟಿಗೆಯೊಳಗೆ ಮೂಗು, ಉಣ್ಣೆಯ ಚೂರು ಪಕ್ಕಕ್ಕೆ, ಮೊಟ್ಟೆ ಬಾಯಿಗೆ. ತಿಂದು ತಲೆ ಎತ್ತಿ ನನ್ನ ಕಡೆ ನೋಡಿತು. ನನಗೇಕೆ ಬೆವರು ಬಂತೋ ಗೊತ್ತಿಲ್ಲ.

ಇಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಯೇ ಇಲ್ಲ. ತಪ್ಪು ಕಂಡ ಕೂಡಲೇ ಕೈ ಮುಂದಾಗುತ್ತದೆ. ಇಪ್ಪತ್ತೈದು ವರ್ಷ ಕರಡು ತಿದ್ದಿದ ಕೈ.

ಮಾರ್ಚ್ 13, ಗುರುವಾರ

ಕೇಂದ್ರದಲ್ಲಿ ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ ಹೋಗಿ ಏದುಸಿರು ಬಿಡುತ್ತ ಕೂತೆ. ಅಕ್ಕ "ಅದು..." ಎಂದಳು. ಉಸಿರಿಲ್ಲದೆ ನಾನೇನೂ ಅನ್ನಲಿಲ್ಲ. ಕಿಟಕಿಯ ಸರಳು ಎಣಿಸಿದೆ, ಒಂಬತ್ತು. ಮತ್ತೆ ಎಣಿಸಿದೆ. ಎಷ್ಟೋ ಹೊತ್ತಾದ ಮೇಲೆ ಅವಳು, "ಬಿಸಿಲು," ಎಂದಳು. ಕಣ್ಣಿಗೆ ಬೀಳುತ್ತಿತ್ತು. ಎದ್ದು ಪರದೆ ಎಳೆದೆ.

ಮಾತು ಕಲಿಸುವ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಬಿಸಿಲು ಎಂಬುದು ಎರಡು ವಾರದಲ್ಲಿ ಅಕ್ಕ ತಾನಾಗಿ ಆಡಿದ ಮೊದಲ ಮಾತಂತೆ. ಇವತ್ತು ನೀವು ಬಂದದ್ದು ಒಳ್ಳೆಯದಾಯಿತು ಎಂದಳು. ನಾನು ಮಾಡಿದ್ದೇನು, ಪರದೆ ಎಳೆದೆ ಅಷ್ಟೇ. ಲಿಫ್ಟ್ ಯಾವಾಗ ಸರಿಹೋಗುತ್ತದೆ ಎಂದು ಕೆಳಗೆ ವಿಚಾರಿಸಿ ಬಂದೆ.

ಮಾರ್ಚ್ 17, ಸೋಮವಾರ

ಇಸ್ತ್ರಿಯಣ್ಣನಿಗೆ ಗೊತ್ತಿರುವುದೆಲ್ಲ ಒಂದೇ ದಿನ ಹೊರಗೆ ಬರುವುದಿಲ್ಲ, ಹಿಂಡಬೇಕು. ಇವತ್ತು ಹೇಳಿದ: ಅಕ್ಕ ಬಟ್ಟೆ ಕತ್ತರಿಸುವ ಕೆಲಸ ಮುಗಿಸಿದಾಗ ದೊಡ್ಡ ಕತ್ತರಿಯನ್ನು ಮೇಜಿನ ಮೇಲೆ ಟಕ್ಕೆಂದು ಇಡುತ್ತಿದ್ದಳಂತೆ. ಅದೇ ಚಿಂದಿಗೆ ಊಟದ ಗಂಟೆ. ಎಲ್ಲಿದ್ದರೂ ಬರುತ್ತಿತ್ತು. ತಿಂದಾದ ಮೇಲೆ ಸೀದಾ ಮೇಜಿನ ಕೆಳಗೆ ಹೋಗಿ ಅವಳ ಬಲಪಾದದ ಮೇಲೆಯೇ ಕೂರುತ್ತಿತ್ತು. ಎಡಪಾದದ ಮೇಲೆ ಒಂದು ದಿನವೂ ಇಲ್ಲ.

"ಅಕ್ಕ ದಿನಕ್ಕೆ ನೂರು ಸಲ ಭಾರ ಕಣೋ, ಏಳು, ಭಾರ ಕಣೋ, ಏಳು ಅಂತಿದ್ರು. ಕಾಲು ಮಾತ್ರ ಎಳ್ಕೋತಿರಲಿಲ್ಲ," ಎಂದು ಇಸ್ತ್ರಿಯಣ್ಣ ನಕ್ಕ. ಆಮೇಲೆ ನಗು ನಿಲ್ಲಿಸಿ ಒಂದು ಪ್ಯಾಂಟನ್ನು ಎರಡು ಸಲ ಇಸ್ತ್ರಿ ಮಾಡಿದ.

ನಾನೂ ಕತ್ತರಿಯನ್ನು ಟಕ್ಕೆಂದು ಇಟ್ಟೆ. ಕಿವಿ ಎದ್ದು ನಿಂತವು! ಬಂದು ಪೆಟ್ಟಿಗೆ ಹುಡುಕಿ ತಿಂದಿತು. ಆಮೇಲೆ ಮೇಜಿನ ಕೆಳಗೆ ಹೋಗಿ, ನನ್ನ ಪಾದವನ್ನು ಮೂಸಿ, ಹೊರಗೆ ಬಂತು. ಕೂರಲಿ ಎಂದು ನಾನೇನೂ ಕಾದಿರಲಿಲ್ಲ.

ಮಾರ್ಚ್ 22, ಶನಿವಾರ

ದೊಡ್ಡ ತಪ್ಪಾಗಿದೆ.

ಅಕ್ಕ ಬರುವ ಹೊತ್ತಿಗೆ ಮನೆ ಲಕ್ಷಣವಾಗಿರಲಿ ಎಂದು ನಿನ್ನೆ ಬೆಳಿಗ್ಗೆಯಿಂದ ಸೊಂಟ ಕಟ್ಟಿ ನಿಂತೆ. ಕೌದಿ ತೊಳೆದೆ. ಬುಟ್ಟಿಯ ತುಂಡು ಬಟ್ಟೆಗಳನ್ನೂ ಸೋಪಿನ ಪುಡಿಯಲ್ಲಿ ನೆನೆಸಿ ತೊಳೆದೆ, ಬಾಯಿಗೆ ಹೋಗುವಂಥವು ಎಂದು. ಮಿಷನ್ನಿನ ಪಕ್ಕ ನೇತಾಡುತ್ತಿದ್ದ ಅಕ್ಕನ ಏಪ್ರನ್, ಕುರ್ಚಿಯ ದಿಂಬು, ಅವಳ ಹಾಸಿಗೆ, ಆ ಕೋಟು, ಒಂದೂ ಬಿಡಲಿಲ್ಲ. ನೆಲಕ್ಕೆ ಫಿನಾಯಿಲ್. ಕತ್ತರಿಸುವ ಮೇಜಿನ ಮೇಲೆ ಅರ್ಧ ಕತ್ತರಿಸಿ ಬಿಟ್ಟಿದ್ದ ಬೂದು ಬಟ್ಟೆಯೊಂದನ್ನು ಮಾತ್ರ ಮುಟ್ಟಲಿಲ್ಲ, ತುಂಬ ಗುಂಡುಸೂಜಿಗಳಿದ್ದವು. ಸಂಜೆ ಎಲ್ಲ ಒಣಗಿ ಗರಿಗರಿಯಾಗಿ, ನಿಂಬೆಯ ಪರಿಮಳ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಯಿ ನಿನ್ನೆ ಸಂಜೆಯಿಂದ ಕೂತಿಲ್ಲ. ಕೌದಿಯ ಹತ್ತಿರ ಹೋಗುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ. ಬುಟ್ಟಿ, ಕುರ್ಚಿ, ಏಪ್ರನ್, ಮತ್ತೆ ಕೌದಿ. ಇವತ್ತು ಪೆಟ್ಟಿಗೆಯಲ್ಲಿ ಏನನ್ನೂ ಹುಡುಕಲಿಲ್ಲ. ಕತ್ತರಿಯ ಸದ್ದಿಗೂ ಬರಲಿಲ್ಲ. ಮಧ್ಯಾಹ್ನ ಒಂದು ಸಣ್ಣ ದನಿಯಲ್ಲಿ ಅಳಲು ಶುರುಮಾಡಿತು, ತಿರುಗಣಿಯ ಎಣ್ಣೆ ಆರಿದ ಬಾಗಿಲಿನ ಹಾಗೆ.

ಇಸ್ತ್ರಿಯಣ್ಣ ರಜೆ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ಮೂಗು ಅರಳಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಚಿಕ್ಕಕ್ಕಾ, ನಿಮ್ಮ ಪುಸ್ತಕ ಎಲ್ಲ ನೀರಲ್ಲಿ ಹಾಕಿ, ಹಾಳೆ ಬೆಳ್ಳಗೆ ಮಾಡಿ, ಇಸ್ತ್ರಿ ಹಾಕಿ ಕೊಟ್ರೆ ನಿಮಗೆ ಹೆಂಗಿರತ್ತೆ?" ಎಂದ.

ಹದಿಮೂರು ವರ್ಷ ಈ ಮನೆಯಲ್ಲಿ ಅಕ್ಕ ಬಿಟ್ಟದ್ದನ್ನೆಲ್ಲ ಒಂದು ದಿನದಲ್ಲಿ ಅಳಿಸಿದ್ದೇನೆ. ಅದಕ್ಕೆ ಇದ್ದದ್ದೇ ಅಷ್ಟು.

ಮಾರ್ಚ್ 23, ಭಾನುವಾರ

ಇವತ್ತಿನದ್ದನ್ನು ಒಂದೂ ಬಿಡದೆ ಬರೆದಿಡಬೇಕು.

ಅಕ್ಕನ ಕೊರಳಲ್ಲಿ ಹಸಿರು ಉಣ್ಣೆಯ ಶಾಲಿತ್ತು, ಆಸ್ಪತ್ರೆಗೆ ಹೋದ ದಿನದಿಂದ ಅದು ಅವಳ ಜೊತೆಯೇ ಇದೆ. ಹೋದವಳೇ, "ಇದು ಕೊಡಕ್ಕ, ತೊಳ್ಕೊಂಡು ಬರ್ತೀನಿ," ಎಂದೆ. ಅವಳು ಶಾಲನ್ನು ನೋಡಿದಳು, ನನ್ನನ್ನು ನೋಡಿದಳು. ತುಟಿ ಅಲುಗಿತು. "ಅದು..." ಎಂದಳು.

ನಾನು ಕಾದೆ. ಇನ್ನೂರ ಹನ್ನೊಂದರವರೆಗೆ ಕಾಯುವುದು ಈಗ ಅಭ್ಯಾಸವಾಗಿದೆ. ಪಕ್ಕದ ಮಂಚದಾಕೆ ಹಣ್ಣು ಸುಲಿದಳು, ತಿಂದಳು, ಸಿಪ್ಪೆ ಮಡಚಿಟ್ಟಳು. ಅಕ್ಕನ ಹಣೆಯಲ್ಲಿ ನರ ಎದ್ದಿತು. ಸೂಜಿಗೆ ದಾರ ಪೋಣಿಸುವಾಗಿನ ಮುಖ ಅದು, ನಾಲಿಗೆಯ ತುದಿ ಹಲ್ಲಿನ ನಡುವೆ.

"ಸುಳ್ಳಿ," ಎಂದಳು.

ಮೂವತ್ತು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಅಳು, ನಗು ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಎಲ್ಲ ಹೇಳಿಬಿಟ್ಟೆ. ಚಿಂದಿ ಬಾಗಿಲಲ್ಲಿ ಕಾಯುತ್ತಿಲ್ಲ, ಗೋಡೆ ನೋಡುತ್ತ ನಿಲ್ಲುತ್ತಾನೆ. ನಿನ್ನ ಕೋಟನ್ನೂ ಗುರುತಿಸಲಿಲ್ಲ. ಮೀನೆಣ್ಣೆ ಜಾಸ್ತಿ ಹಾಕಿ ಮೆಟ್ಟಿಲೆಲ್ಲ ಹಾಳಾಯಿತು. ಆಮೇಲೆ ನಾನು ನಿನ್ನ ಮನೆಯನ್ನೆಲ್ಲ ತೊಳೆದು ಅವನಿಗೆ ನಿನ್ನದೆನ್ನುವುದು ಏನೂ ಉಳಿಯದ ಹಾಗೆ ಮಾಡಿದೆ. ನಿನ್ನ ವಾಸನೆ ಬೇಕಕ್ಕ, ಅದಕ್ಕೇ ಶಾಲು ಕೇಳಿದೆ.

ಅವಳು ಎಲ್ಲ ಕೇಳಿದಳು. ಮೆಟ್ಟಿಲಿನ ಸಂಗತಿಗೆ ಅರ್ಧ ಮುಖ ನಕ್ಕಿದ್ದನ್ನೂ ನೋಡಿದೆ. ಆಮೇಲೆ ಎಡಗೈಯಿಂದ ಶಾಲು ಬಿಚ್ಚಿದಳು. ನನ್ನ ಕೈಗೆ ಕೊಡಲಿಲ್ಲ. ಕತ್ತು ಒರೆಸಿದಳು, ಕಿವಿಯ ಹಿಂದೆ ಒರೆಸಿದಳು, ತಲೆಗೂದಲಿಗೆ ತಿಕ್ಕಿದಳು. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಆ ಅಂಗೈಯಲ್ಲಿ ಶಾಲನ್ನು ಮುದ್ದೆ ಮಾಡಿ ಒತ್ತಿ ಹಿಡಿದಳು. ಒಂದಿಷ್ಟೂ ಅವಸರವಿಲ್ಲದೆ, ಗಿರಾಕಿಯ ಮದುವೆಯ ಉಡುಪಿಗೆ ಕೊನೆಯ ಹೊಲಿಗೆ ಹಾಕುವವಳ ಹಾಗೆ. ಆಮೇಲೆ ಮಡಚಿ ಕೊಟ್ಟಳು.

ಹೊರಡುವಾಗ ಮಾತು ಕಲಿಸುವ ಹುಡುಗಿ ಅಕ್ಕ ಏನಾದರೂ ಅಂದರೇ ಎಂದು ವಿಚಾರಿಸಿದಳು. ಬೈದಳು ಎಂದೆ. ಅವಳು ಪುಸ್ತಕ ತೆಗೆದು, ಎಷ್ಟು ಅಕ್ಷರದ ಮಾತು ಎಂದು ಕೇಳಿ ಬರೆದುಕೊಂಡಳು.

ಮನೆಗೆ ಬಂದು ಶಾಲನ್ನು ಕೌದಿಯ ಮೇಲೆ ಹಾಸಿದೆ. ಚಿಂದಿ ದೂರದಲ್ಲೇ ನಿಂತ. ಒಂದು ಹೆಜ್ಜೆ ಬಂದ. ಮೂಗನ್ನು ಶಾಲಿನೊಳಗೆ ಹುದುಗಿಸಿ ಎಷ್ಟು ಹೊತ್ತು ಹಾಗೇ ನಿಂತನೆಂದರೆ ಉಸಿರು ಕಟ್ಟಿತೇನೋ ಎಂದು ನಾನು ಹತ್ತಿರ ಹೋದೆ. ಆಮೇಲೆ ಮಲಗಿದ. ಎರಡು ದಿನದ ಮೇಲೆ.

ಮಾರ್ಚ್ 27, ಗುರುವಾರ

ಊಟ ಸುತ್ತಿಡಲು ಶಾಲನ್ನು ತುಂಡು ಮಾಡಬೇಕು ಎಂದು ಭಾನುವಾರ ಹೇಳಿ ಬಂದಿದ್ದೆ. ನಾನೇ ಮಾಡುತ್ತಿದ್ದೆ. ಅಕ್ಕ ಬೇಡವೆಂದು ತಲೆಯಾಡಿಸಿದ್ದಳು. ಇವತ್ತು ಶಾಲು ತೆಗೆದುಕೊಂಡು ಹೋದಾಗ ಅವಳ ಮಂಚದ ಮೇಲೆ ಮಕ್ಕಳ ಮೊಂಡು ಕತ್ತರಿ ಇತ್ತು, ಕೇಂದ್ರದವರಿಂದ ಇಸಿದುಕೊಂಡದ್ದು.

ಬಲಗೈಯನ್ನು ಶಾಲಿನ ಮೇಲೆ ಭಾರಕ್ಕೆ ಇಟ್ಟು, ಎಡಗೈಯಲ್ಲಿ ಕತ್ತರಿಸಿದಳು. ಮುಕ್ಕಾಲು ಗಂಟೆ. ಎಂಟು ತುಂಡು. ಒಂದೂ ನೆಟ್ಟಗಿಲ್ಲ. ನನ್ನ ಜೀವಮಾನದಲ್ಲಿ ಅಕ್ಕ ಸೊಟ್ಟ ಕತ್ತರಿಸಿದ್ದನ್ನು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ. ಒಂದೊಂದನ್ನೂ ಎತ್ತಿ ಹಿಡಿದು, ಛೇ ಎನ್ನುವಂತೆ ನಾಲಿಗೆ ಲೊಚಗುಟ್ಟಿದಳು.

ಆ ಎಂಟು ತುಂಡುಗಳಿಗಿಂತ ಚೆಂದದ ವಸ್ತು ನನ್ನ ಬಳಿ ಯಾವುದೂ ಇಲ್ಲ.

ಮಾರ್ಚ್ 31, ಸೋಮವಾರ

ಈಗಿನ ಕ್ರಮ: ಬೆಳಿಗ್ಗೆ ಮೊಟ್ಟೆ, ಕುಂಬಳ. ಮಧ್ಯಾಹ್ನ ಮೀನು, ಕ್ಯಾರೆಟ್, ಅಳತೆಯ ಎಣ್ಣೆ, ಅಳತೆಯೆಂದರೆ ಅಳತೆ. ಸಂಜೆ ಉಳಿದದ್ದು. ಮೂರು ಹೊತ್ತೂ ಹಸಿರು ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ, ಕುರ್ಚಿಯ ಕೆಳಗೆ, ಮಿಷನ್ನಿನ ಕಾಲಿನ ಹತ್ತಿರ ಬಚ್ಚಿಡುವುದು. ಜಿಡ್ಡಾದವನ್ನು ನೀರಿಗೆ ಹಾಕುವುದಿಲ್ಲ, ಕೇಂದ್ರಕ್ಕೆ ಒಯ್ದು ಬದಲಿ ತರುತ್ತೇನೆ. ಅಕ್ಕ ಈಗ ದಿನಾ ಒಂದು ಹಳೆಯ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡು ಮಲಗುತ್ತಾಳಂತೆ, ಬೆಳಿಗ್ಗೆ ಎದ್ದು ಕತ್ತರಿಸುತ್ತಾಳಂತೆ. ಆ ವಾರ್ಡಿನ ನರ್ಸು, "ನಿಮ್ಮಕ್ಕ ನಮ್ಮ ದಿಂಬಿನ ಚೀಲಕ್ಕೂ ಕೈ ಹಾಕಿದ್ರು," ಎಂದು ದೂರು ಕೊಟ್ಟರು. ಕ್ಷಮಿಸಿ ಎಂದೆ. ಒಳಗೊಳಗೆ ಹಿಗ್ಗಿದೆ.

ಚಿಂದಿ ಇವತ್ತು ಐದೂ ಗಂಟು ಹುಡುಕಿದ. ಬಾಗಿಲಲ್ಲಿ ತೆರೆದ ಕಡೆಯೇ ನಿಂತ. ಗೋಡೆಯ ಮುಂದೆ ನಿಂತದ್ದು ಒಂದೇ ಸಲ, ಅದೂ ನಾನು ಕರೆದ ಕೂಡಲೇ ತಿರುಗಿದ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ನಾನು ನಾಲ್ಕು ದಿನದಲ್ಲಿ ಮೂರನೇ ಸಲ ಫೋನ್ ಮಾಡುತ್ತಿದ್ದೇನೆ ಎಂದರು, ಆದರೆ ಬೇಸರದಿಂದಲ್ಲ.

ಏಪ್ರಿಲ್ 4, ಶುಕ್ರವಾರ

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕವಿತೆ ಗಟ್ಟಿಯಾಗಿ ಓದುತ್ತೇನೆ. ಇಸ್ತ್ರಿಯಣ್ಣ ಅರ್ಥವಾಗಲಿಲ್ಲ ಎಂದು ಪ್ರತಿಸಲವೂ ಹೇಳುತ್ತಾನೆ, ಮುಂದಿನದು ಓದಿ ಎನ್ನುತ್ತಾನೆ. ಚಿಂದಿ ಕೆರೆದುಕೊಳ್ಳುವುದನ್ನು ಕೆಲವು ಸಾಲುಗಳಿಗೆ ನಿಲ್ಲಿಸುತ್ತಾನೆ.

ಅದನ್ನು ನೋಡಿ ನೆನಪಾಯಿತು. ಹದಿನಾರರಲ್ಲಿ ನಾನು ಹೀಗೇ ಓದುತ್ತಿದ್ದೆ, ಅಕ್ಕ ಮಿಷನ್ ತುಳಿಯುತ್ತಿದ್ದಳು. ಕಾಲೇಜು ಬಿಟ್ಟು ಹೊಲಿಗೆಗೆ ಕೂತವಳು, ನಾನು ಓದಲಿ ಎಂದು. ಸಾಲು ಚೆನ್ನಾಗಿದ್ದರೆ ಮಿಷನ್ ಒಂದು ಗಳಿಗೆ ನಿಲ್ಲುತ್ತಿತ್ತು. ಏನೂ ಹೇಳುತ್ತಿರಲಿಲ್ಲ. ಮತ್ತೆ ಶುರುವಾಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ದೊಡ್ಡ ದೊಡ್ಡ ಗುರುಗಳಿದ್ದರು, ಆದರೆ ಯಾವ ಸಾಲು ಒಳ್ಳೆಯದು ಎಂದು ನಾನು ಕಲಿತದ್ದು ಆ ಮಿಷನ್ ನಿಲ್ಲುವುದರಿಂದ. ಇದನ್ನು ಅವಳಿಗೆ ಒಮ್ಮೆಯೂ ಹೇಳಿಲ್ಲ. ನಲವತ್ತೆಂಟು ವರ್ಷಕ್ಕೆ ಬುದ್ಧಿ ಬಂದರೂ ಬಂತಲ್ಲ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಚಿಂದಿ ನನ್ನನ್ನು ಕಂಡು ಗುರ್ರೆಂದ. ಯಾರೋ ಕಳ್ಳರು ಬಂದರೆಂಬಂತೆ. ಹಸಿರು ತುಂಡನ್ನೂ ಮೂಸಲಿಲ್ಲ. ಸಂಜೆಯವರೆಗೂ ಗೋಡೆ.

ಮೆಟ್ಟಿಲ ಮೇಲೆ ಕೂತಿದ್ದೆ. ಇಸ್ತ್ರಿಯಣ್ಣ ಬಂದು ಎರಡು ಮೆಟ್ಟಿಲು ಕೆಳಗೆ ಕೂತ. ಜೇಬಿನಿಂದ ಬಿಸ್ಕತ್ತು ತೆಗೆದು ಒಂದು ನನಗೆ ಕೊಟ್ಟ, ಒಂದು ತಾನು ತಿಂದ.

ಏಪ್ರಿಲ್ 10, ಗುರುವಾರ

ನಿನ್ನೆಯದನ್ನು ಅಕ್ಕನಿಗೆ ಹೇಳಿದೆ, ಮುಚ್ಚಿಡಲಿಲ್ಲ. ಅವಳು ನನ್ನ ಮೊಣಕೈ ತಟ್ಟಿದಳು. ಬಹಳ ಹೊತ್ತಿನ ಮೇಲೆ, "ನಾಳೆ," ಎಂದಳು. ನಾಳೆ ಸರಿಹೋಗುತ್ತದೆ ಎಂದೋ, ನಾಳೆ ಮತ್ತೆ ಪ್ರಯತ್ನಿಸು ಎಂದೋ. ಕೇಳಲಿಲ್ಲ.

ಈಗ ಇಡೀ ಗಂಟೆ ಕೂತರೂ ಸಾಲುವುದಿಲ್ಲ. ಗಂಟೆ ಹೊಡೆದ ಮೇಲೂ ನರ್ಸು ಎರಡು ಸಲ ಬಂದು ಹೋಗುತ್ತಾರೆ.

ಏಪ್ರಿಲ್ 19, ಶನಿವಾರ

ಅಕ್ಕ ಮನೆಗೆ ಬಂದಳು.

ಇಸ್ತ್ರಿಯಣ್ಣ ಕೆಳಗಿನ ಅಂಗಡಿಯಲ್ಲೇ ಮಂಚ ಹಾಕಿದ್ದ. ಇನ್ನು ಮೆಟ್ಟಿಲು ಹತ್ತುವುದು ಅವಳಿಂದಾಗದು. ಚಿಂದಿಯ ಇವತ್ತಿನ ದಿನ ಹೇಗಿದೆ ಎಂದು ಬೆಳಿಗ್ಗೆಯಿಂದ ನೋಡುತ್ತಿದ್ದೆ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕಾರು ಬಂದಾಗ ಮೂಲೆಯಲ್ಲಿದ್ದ.

ಅವಳು ನಾಲ್ಕು ಕಾಲಿನ ಕೋಲು ಊರಿಕೊಂಡು, ಬಲಗಾಲನ್ನು ಎಳೆದುಕೊಂಡು ಒಳಗೆ ಬಂದಳು. ಹೊಸ ಬೂಟು, ಆಸ್ಪತ್ರೆಯ ಸೋಪು, ಕಾರಿನ ಗಾಳಿ. ಚಿಂದಿ ಬಂದ. ಬೂಟು ಮೂಸಿದ. ಸೀನಿದ. ತಿರುಗಿ ಮೂಲೆಗೆ ಹೋಗಿ ಗೋಡೆಗೆ ಮುಖ ಹಾಕಿದ.

ಪ್ರಯಾಣದ ವಾಸನೆ ಅಕ್ಕ, ಅವನಿಗೆ ಬೂಟು ಹೊಸದು ಅಕ್ಕ, ನಾಳೆ ನೋಡು ಅಕ್ಕ. ಮೂರೂ ಮಾತು ಗಂಟಲಿನವರೆಗೆ ಬಂದಿದ್ದವು. ಅವಳ ಮುಖ ನೋಡಿ ನುಂಗಿಕೊಂಡೆ.

ಅವಳು ನಮ್ಮ ಯಾರ ಕಡೆಯೂ ನೋಡದೆ ಕತ್ತರಿಸುವ ಮೇಜಿನ ಹತ್ತಿರ ಹೋಗಿ ಕುರ್ಚಿಯಲ್ಲಿ ಕೂತಳು. ಬೂದು ಬಟ್ಟೆ ಅಲ್ಲೇ ಇತ್ತು, ಸೀಮೆಸುಣ್ಣದ ಗೆರೆ, ಅರ್ಧಕ್ಕೆ ನಿಂತ ಕತ್ತರಿಯ ದಾರಿ, ಗುಂಡುಸೂಜಿಗಳು. ದೊಡ್ಡ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡಳು. ಬಲಗೈಗೆಂದೇ ಮಾಡಿದ ಕತ್ತರಿ, ಎಡಗೈಗೆ ಒಗ್ಗುವುದಿಲ್ಲ. ಆ ಗೆರೆಯ ಮೇಲೆ ಒಂದು ಗೇಣು ಕತ್ತರಿಸಿದಳು, ಹಾವು ಹರಿದಂತೆ ಸೊಟ್ಟ. ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಕೈಯಲ್ಲಿ ಬಲವಿಲ್ಲ, ಸದ್ದು ಇಲ್ಲವೆನ್ನುವಷ್ಟು.

ಚಿಂದಿ ಕದಲಲಿಲ್ಲ.

ಇಸ್ತ್ರಿಯಣ್ಣ ನನ್ನ ಕಡೆ ನೋಡಿದ. ನಾನೇ ಹೋಗಿ ಆ ಕತ್ತರಿಯನ್ನು ಟಕ್ಕೆಂದು ಇಡಬಹುದಿತ್ತು. ನನ್ನ ಸದ್ದಿಗೆ ಅವನು ಖಂಡಿತ ಬರುತ್ತಿದ್ದ. ಕೈಗಳನ್ನು ಹಿಂದೆ ಕಟ್ಟಿಕೊಂಡು ಎಣಿಸಲು ಶುರುಮಾಡಿದೆ. ಎಪ್ಪತ್ತೋ ಎಂಬತ್ತೋ, ಎಲ್ಲೋ ಎಣಿಕೆ ಕೈಬಿಟ್ಟುಹೋಯಿತು.

ಅಕ್ಕ ಕತ್ತರಿಯನ್ನು ಮತ್ತೆ ಎತ್ತಿದಳು. ಈ ಸಲ ಮೊಣಕೈಯಿಂದ ಎತ್ತಿದಳು. ಟಕ್.

ಒಂದು ಕಿವಿ ಎದ್ದಿತು. ಅವನು ತಿರುಗಿದ. ಅಡ್ಡಹಾಯದೆ ಗೋಡೆಯನ್ನೇ ಹಿಡಿದು ಸುತ್ತು ಬಳಸಿ ಬಂದ. ಊಟದ ಪೆಟ್ಟಿಗೆಯನ್ನು ದಾಟಿದ. ಏಳು ವಾರ ಮೂರು ಹೊತ್ತು ಊಟ ಇಟ್ಟ ನನ್ನನ್ನು ದಾಟಿದ, ಕತ್ತೆತ್ತಿ ನೋಡಲೂ ಇಲ್ಲ. ಜೋತುಬಿದ್ದ ಅವಳ ಬಲಗೈಯನ್ನು ಮೂಸಿದ. ಬೆರಳಿನಿಂದ ಬೆರಳಿಗೆ, ಓದುವವರ ಹಾಗೆ. ಆಮೇಲೆ ಮೇಜಿನ ಕೆಳಗೆ ನುಗ್ಗಿ, ಎರಡು ಸುತ್ತು ಸುತ್ತಿ, ಅವಳ ಬಲಪಾದದ ಮೇಲೆ ಮೂಟೆ ಕೆಡವಿದಂತೆ ಕೂತ.

ಮೊದಲ ವಾರ ಕೇಂದ್ರದ ಡಾಕ್ಟರು ನನ್ನೆದುರೇ ಆ ಪಾದಕ್ಕೆ ಸೂಜಿ ಚುಚ್ಚಿ ನೋಡಿದ್ದರು. ಚುಚ್ಚಿದ್ದೇ ಅವಳಿಗೆ ತಿಳಿದಿರಲಿಲ್ಲ.

ಅಕ್ಕ ಬಗ್ಗಿ ಕೆಳಗೆ ನೋಡಿದಳು. ಇಸ್ತ್ರಿಯಣ್ಣ ಬಿಸಿಯೇ ಇಲ್ಲದ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬೆನ್ನು ತಿರುಗಿಸಿದ.

"ಭಾರ," ಎಂದಳು ಅಕ್ಕ.

ನಾವು ಕಾದೆವು.

"ಭಾರ... ಕಣೋ."

ಏಳು ಎನ್ನಲಿಲ್ಲ. ಆ ಮಾತು ಬರಲಿಲ್ಲವೋ, ಅವಳೇ ಆಡಲಿಲ್ಲವೋ. ನಾನು ತುಂಬಿಸಲಿಲ್ಲ.

ಏಪ್ರಿಲ್ 21, ಸೋಮವಾರ

ಇವತ್ತಿನ ಗಂಟುಗಳನ್ನು ಅಕ್ಕನೇ ಕಟ್ಟಿದಳು, ಈಗೀಗ ಒಂದಿಷ್ಟು ಮಾತು ಕೇಳುವ ಬಲಗೈಯ ಹೆಬ್ಬೆರಳಿ‌ನಿಂದ ಒತ್ತಿ ಹಿಡಿದು. ಚಿಂದಿ ಮೂರು ಹುಡುಕಿದ, ಎರಡು ಮರೆತ. ಅವಳು ಒಂದೂ ತೋರಿಸಲಿಲ್ಲ, ನನಗಿಂತ ಗಟ್ಟಿ. ಮಧ್ಯಾಹ್ನ ಅವಳಿಗೆ ಒಂದು ಕವಿತೆ ಓದಿ, ಮಿಷನ್ ನಿಲ್ಲುತ್ತಿದ್ದ ವಿಷಯ ಹೇಳಿದೆ. ಅವಳು ಎಡಗೈಯಿಂದ ಮಿಷನ್ನಿನ ಗಾಲಿಯನ್ನು ಸ್ವಲ್ಪ ತಿರುಗಿಸಿ, ನಿಲ್ಲಿಸಿದಳು.

ಯಾವಾಗ ವಾಪಸ್ಸು ಬರುತ್ತೀರಿ ಎಂದು ಮುದ್ರಣಾಲಯದವರು ಕಾಗದ ಬರೆದಿದ್ದಾರೆ. ಉತ್ತರ ಬರೆಯಬೇಕು. ಮೊಟ್ಟೆ ಮುಗಿದಿದೆ, ಮೊದಲು ಅದನ್ನು ತರಬೇಕು.